ಕಾಲುಸಂಕದಿಂದ ತೂಗುಸೇತುವೆಗೆ

(ನಮ್ಮ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ದಿನ ಕದಂಬರನ್ನು ಕುರಿತೋ ಕುಮಾರವ್ಯಾಸನನ್ನು ಕುರಿತೋ ಮಾತನಾಡುವುದು ವಾಡಿಕೆ. ಇತಿಹಾಸವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದವನು ನಾನಲ್ಲ, ವೃತ್ತಿಯಿಂದ ವೈದ್ಯ. ಆದುದರಿಂದ ವಿದ್ವಾಂಸರಿಗೆ ಸಲ್ಲಬೇಕಾದ ವಿಷಯಗಳನ್ನು ಅವರಿಗೇ ಬಿಟ್ಟು, ಕಳೆದ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಸೇತುವೆಯ ಮೇಲೆ ನಡೆಯುವಾಗ ನನ್ನ ತಲೆಯಲ್ಲಿ ಹುಟ್ಟಿಕೊಂಡ ಕೆಲವು ಪ್ರಶ್ನೆಗಳನ್ನೂ, ಅವುಗಳ ಬೆನ್ನು ಹತ್ತಿ ಓದಿ ತಿಳಿದದ್ದನ್ನೂ ತಮ್ಮ ಮುಂದೆ ಇಡುತ್ತೇನೆ.

ಆ ಸೇತುವೆಯ ಹೆಸರು ಚಾರ್ಲ್ಸ್ ಕುವೋನೆನ್ ತೂಗುಸೇತುವೆ. ಗ್ರೇಖೆನ್ ಮತ್ತು ಜೆರ್ಮಾಟ್ ಎಂಬ ಎರಡು ಊರುಗಳ ನಡುವೆ ಬೆಟ್ಟದ ಮಗ್ಗುಲಿನಲ್ಲಿ ಸಾಗುವ ಕಾಲುದಾರಿಯಲ್ಲಿ, ರಾಂಡಾ ಎಂಬ ಹಳ್ಳಿಯ ಮೇಲ್ಭಾಗದಲ್ಲಿ ಅದು ತೂಗುತ್ತಿದೆ. ಉದ್ದ 494 ಮೀಟರು, ಅಗಲ 65 ಸೆಂಟಿಮೀಟರು, ಅತಿ ಆಳವಾದ ಕಡೆ ಕೆಳಗಿನ ನೆಲಕ್ಕೆ 85 ಮೀಟರು. ಕಾಲಡಿಯ ಹಾಸು ಉಕ್ಕಿನ ಜಾಲರಿ. ಹೆಜ್ಜೆಯ ಕೆಳಗೆ ಕಣಿವೆ ಕಾಣಿಸುತ್ತಲೇ ಇರುತ್ತದೆ. 2017ರ ಜುಲೈ 29ರಂದು ತೆರೆದಾಗ ಪಾದಚಾರಿಗಳ ತೂಗುಸೇತುವೆಗಳಲ್ಲಿ ಜಗತ್ತಿನಲ್ಲೇ ಉದ್ದವಾದುದು ಎಂದು ಪ್ರಸಿದ್ಧವಾಯಿತು. ಆ ಬಿರುದು ಬಹಳ ದಿನ ಉಳಿಯಲಿಲ್ಲ. 2021ರಲ್ಲಿ ಪೋರ್ಚುಗಲ್ಲಿನ ಅರೋಕಾದಲ್ಲಿ 516 ಮೀಟರಿನದು ಬಂತು, 2022ರಲ್ಲಿ ಚೆಕ್ ದೇಶದ ದೋಲ್ನಿ ಮೊರಾವಾದಲ್ಲಿ 721 ಮೀಟರಿನದು. ಈ ಪೈಪೋಟಿಯಲ್ಲಿ ನನಗೆ ಅಂಥ ಆಸಕ್ತಿ ಇಲ್ಲ.

ಎರಡು ಗಂಟೆ ಏರಿ ಸೇತುವೆಯ ಬಾಯಿಗೆ ಬಂದಾಗ ನನ್ನ ಶ್ರೀಮತಿಯವರು ಒಂದು ಬಂಡೆಯ ಮೇಲೆ ಕುಳಿತು, "ನೀವಿಬ್ಬರೂ ಹೋಗಿ ಬನ್ನಿ, ನಾನು ಚೀಲ ನೋಡಿಕೊಳ್ಳುತ್ತೇನೆ" ಎಂದರು. ಮಗಳು ಮುಂದೆ ನಡೆದಳು, ನಾನು ಹಿಂದೆ. ಮಧ್ಯಕ್ಕೆ ಬಂದಾಗ ಕಾಲು ತಡವರಿಸಿತು. ದೇಹದ ಸಮತೋಲವನ್ನು ಕಣ್ಣು, ಒಳಗಿವಿ ಮತ್ತು ಸ್ನಾಯು-ಕೀಲುಗಳಲ್ಲಿರುವ ನರಗಳು ಸೇರಿ ಕಾಯುತ್ತವೆ. ಹತ್ತಿರದಲ್ಲಿ ಕಣ್ಣು ನೆಡಲು ಸ್ಥಿರವಾದ ವಸ್ತುವಿಲ್ಲದಾಗ ಈ ಮೂವರ ಸಾಕ್ಷ್ಯ ಒಂದಕ್ಕೊಂದು ಹೊಂದುವುದಿಲ್ಲ. ರೋಗಿಗಳಿಗೆ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ವಿವರಣೆ ಗೊತ್ತಿದ್ದರೆ ಮೊಣಕಾಲು ನಡುಗುವುದಿಲ್ಲ ಎಂಬುದು ಮಾತ್ರ ಸುಳ್ಳು. ಎದುರಿನ ವೈಸ್‌ಹಾರ್ನ್ ಶಿಖರದ ಮೇಲೆ ದೃಷ್ಟಿಯಿಟ್ಟು ದಾಟಿದೆ.

ಈ ಸೇತುವೆ ಅಲ್ಲೇಕೆ ಬಂತು? ಬೆಟ್ಟ ಕುಸಿಯುತ್ತದೆ, ಅದಕ್ಕೆ. ಅದೇ ಜಾಗದಲ್ಲಿ 2010ರಲ್ಲಿ ಕಟ್ಟಿದ್ದ ಮೊದಲಿನ ಸೇತುವೆ ಉರುಳಿಬಿದ್ದ ಕಲ್ಲುಗಳಿಂದ ಹಾಳಾಗಿ, ನಡೆಯುವವರು ಕಣಿವೆಗಿಳಿದು ಮತ್ತೆ ಏರಬೇಕಾಗಿತ್ತು. ರಾಂಡಾದ ಜನ ಕಲ್ಲುಬೀಳುವಿಕೆಗೆ ಹೊಸಬರಲ್ಲ. 1991ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಆ ಹಳ್ಳಿಯ ಬಳಿ ಸುಮಾರು 3 ಕೋಟಿ ಘನ ಮೀಟರು ಬಂಡೆ ಜಾರಿ ರೈಲುದಾರಿಯನ್ನೂ ಹೊಳೆಯನ್ನೂ ಮುಚ್ಚಿತ್ತು. ಬರ್ನ್ ಪ್ರಾಂತದ ಟ್ರಿಫ್ಟ್ ಸೇತುವೆಯ ಕಥೆ ಇನ್ನೂ ವಿಚಿತ್ರ. ಅಲ್ಲಿ ಪರ್ವತಾರೋಹಿಗಳು ಹಿಮನದಿಯ ಮೇಲೆಯೇ ನಡೆದು ತಮ್ಮ ತಂಗುಮನೆಯನ್ನು ಸೇರುತ್ತಿದ್ದರು. ಹಿಮ ಕರಗಿ ಆ ಸ್ಥಳದಲ್ಲಿ ಸರೋವರವಾಯಿತು, ದಾರಿಯೇ ಮಾಯವಾಯಿತು. 2004ರಲ್ಲಿ ಒಂದು ತೂಗುಸೇತುವೆ ಕಟ್ಟಿದರು. 2009ರಲ್ಲಿ ಅದಕ್ಕೆ ಬದಲಾಗಿ 170 ಮೀಟರು ಉದ್ದದ, ನೂರು ಮೀಟರು ಎತ್ತರದ ಇನ್ನೊಂದನ್ನು ಕಟ್ಟಿದರು. ಅದಕ್ಕೆ ಮಾದರಿ ಎಲ್ಲಿಂದ ಬಂತು ಗೊತ್ತೆ? ನೇಪಾಳದಿಂದ. 1970ರ ದಶಕದಿಂದ ಸ್ವಿಸ್ ಎಂಜಿನಿಯರುಗಳು ನೇಪಾಳದ ಹಳ್ಳಿಗಳಲ್ಲಿ ಕಾಲುದಾರಿಯ ಸೇತುವೆ ಕಟ್ಟಲು ನೆರವಾಗುತ್ತಿದ್ದರು. ಕಲಿಸಲು ಹೋದವರು ಕಲಿತು ಬಂದರು ಎನ್ನಬಹುದು. ಅಲ್ಲಿ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹೋಗುವ ದಾರಿ ಇಲ್ಲಿ ವಿಹಾರದ ದಾರಿಯಾಗಿದೆ.

ಹಿಮಾಲಯದ ಈ ವಿದ್ಯೆ ಸ್ವಿಸ್ಸರು ಕಲಿಸಿದ್ದಲ್ಲ. ಹದಿನೈದನೆಯ ಶತಮಾನದಲ್ಲಿ ಟಿಬೆಟ್ಟಿನಲ್ಲಿ ಥಾಂಗ್‌ತೋಂಗ್ ಗ್ಯಾಲ್ಪೊ ಎಂಬ ಸಿದ್ಧಪುರುಷರಿದ್ದರು. ಯೋಗಿ, ಕಮ್ಮಾರ, ವಾಸ್ತುಶಿಲ್ಪಿ. ನನಗೆ ವಿಶೇಷ ಅಭಿಮಾನವೆನಿಸುವಂತೆ, ವೈದ್ಯರೂ ಹೌದು. ಜನ ಅವರನ್ನು ಕರೆದದ್ದು 'ಚಕ್‌ಜಾಂಪಾ' ಎಂದು, ಎಂದರೆ ಕಬ್ಬಿಣದ ಸೇತುವೆಯವರು ಎಂದು. ಅವರು 58 ಸರಪಳಿ ಸೇತುವೆಗಳನ್ನು ಕಟ್ಟಿಸಿದರೆಂದು ಪರಂಪರೆ ಹೇಳುತ್ತದೆ. ಬ್ರಹ್ಮಪುತ್ರೆಗೆ ಟಿಬೆಟ್ಟಿನಲ್ಲಿ ಯಾರ್ಲುಂಗ್ ತ್ಸಾಂಗ್ಪೊ ಎಂದು ಹೆಸರು; ಅದರ ಮೇಲೆ 1430ರ ಸುಮಾರಿಗೆ ಚಕ್ಸಾಮ್ ಎಂಬಲ್ಲಿ ಅವರು ಕಟ್ಟಿಸಿದ್ದೇ ಅವುಗಳಲ್ಲಿ ಅತಿ ದೊಡ್ಡದು. ಹಣ ಎಲ್ಲಿಂದ ಬಂತೆನ್ನುವಿರಿ? ಹಾಡು, ಕುಣಿತ, ಕಥೆಗಳ ಒಂದು ಮೇಳ ಕಟ್ಟಿ ಊರೂರು ಸುತ್ತಿ ಕಬ್ಬಿಣ, ಧಾನ್ಯ, ಶ್ರಮದ ದಾನ ಬೇಡಿದರಂತೆ. ಟಿಬೆಟ್ಟಿನ 'ಲ್ಹಾಮೊ' ಎಂಬ ಗೀತನಾಟಕದ ಕಲಾವಿದರು ಇವರನ್ನೇ ತಮ್ಮ ಮೂಲಪುರುಷರೆಂದು ಪೂಜಿಸುತ್ತಾರೆ. ನಮ್ಮ ಯಕ್ಷಗಾನದ ಮೇಳವೊಂದು ತಿರುಗಾಟದ ಗಳಿಕೆಯಿಂದ ಹೊಳೆಗೆ ಸೇತುವೆ ಕಟ್ಟಿಸಿದಂತೆ ಭಾವಿಸಿಕೊಳ್ಳಿ. ನಮ್ಮ ಕೂಟದ ನಾಟಕ ಸಮಿತಿಯವರು ಈ ಅಂಶವನ್ನು ಗಮನಿಸಬೇಕಾಗಿ ಪ್ರಾರ್ಥನೆ.

ಭೂತಾನದಲ್ಲಿಯೂ ಅವರ ಸೇತುವೆಗಳಿದ್ದವು. ಪಾರೋ ನದಿಯ ತಾಮ್‌ಚೋಗ್ ಸೇತುವೆ 1969ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಪೂರ್ವದ ದುಕ್ಸುಮ್ ಎಂಬಲ್ಲಿದ್ದ ಮತ್ತೊಂದು 2004ರಲ್ಲಿ ಕುಸಿದಾಗ, ಅದರ ಹಳೆಯ ಸರಪಳಿಗಳನ್ನು ತಂದು ತಾಮ್‌ಚೋಗ್ ಸೇತುವೆಯನ್ನು 2005ರಲ್ಲಿ ಪುನಃ ಕಟ್ಟಿದರು. ಐನೂರು ಮಳೆಗಾಲ ಕಂಡ ಕೊಂಡಿಗಳು ಮತ್ತೆ ಕೆಲಸಕ್ಕೆ ಬಂದವು.

ಪೆರು ದೇಶದಲ್ಲಿ ಇದಕ್ಕೆ ತದ್ವಿರುದ್ಧವಾದ ಯುಕ್ತಿ. ಇಂಕಾ ಜನರಲ್ಲಿ ಕಬ್ಬಿಣವಿರಲಿಲ್ಲ, ಹುಲ್ಲಿತ್ತು. ಅಪುರಿಮಾಕ್ ನದಿಯ ಮೇಲಿನ ಕೆಸ್ವಾಚಾಕಾ ಎಂಬ ಹುಲ್ಲುಹಗ್ಗದ ಸೇತುವೆ ಸುಮಾರು ಮೂವತ್ತು ಮೀಟರು ಉದ್ದದ್ದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಾಲ್ಕು ಸಮುದಾಯಗಳ ಜನ ಸೇರಿ ಹಳೆಯದನ್ನು ಕಡಿದು ನದಿಗೆ ಬಿಟ್ಟು ಹೊಸದನ್ನು ಹೆಣೆಯುತ್ತಾರೆ. ಹೆಂಗಸರು ಹುಲ್ಲನ್ನು ಹೊಸೆದು ಹುರಿ ಮಾಡುತ್ತಾರೆ; ಗಂಡಸರು ಹುರಿಗಳನ್ನು ತೋಳುಗಾತ್ರದ ಮಿಣಿಯಾಗಿಸಿ ಎರಡು ದಡಗಳಿಗೆ ಬಿಗಿದು ಹೆಣಿಗೆ ಮುಗಿಸುತ್ತಾರೆ. 2013ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2020ರಲ್ಲಿ ಕೋವಿಡ್ ವ್ಯಾಧಿಯ ಕಾರಣ ಹೆಣಿಗೆ ನಡೆಯಲಿಲ್ಲ. 2021ರ ಮಾರ್ಚಿನಲ್ಲಿ ಸೇತುವೆ ಹರಿದು ಬಿತ್ತು. ಜೂನಿನಲ್ಲಿ ಮತ್ತೆ ಹೆಣೆದರು.

ಈಗ ನಮ್ಮ ಪಿಟ್ಸ್‌ಬರ್ಗಿಗೆ ಬರೋಣ. ಇಲ್ಲಿಂದ ಗಾಡಿಯಲ್ಲಿ ಒಂದು ಗಂಟೆಯ ದೂರದಲ್ಲಿ ಜೇಕಬ್ಸ್ ಕ್ರೀಕ್ ಎಂಬ ಹೊಳೆ ಇದೆ. ದೇವಸ್ಥಾನಕ್ಕೆ ವಾರವಾರ ಹೋಗುವ ನಾವು ಆ ಕಡೆ ಒಮ್ಮೆಯೂ ಗಾಡಿ ತಿರುಗಿಸಿಲ್ಲ. 1801ರಲ್ಲಿ ಜೇಮ್ಸ್ ಫಿನ್ಲಿ ಎಂಬ ನ್ಯಾಯಾಧೀಶ ಅಲ್ಲಿ 70 ಅಡಿಯ ಸರಪಳಿ ಸೇತುವೆಯನ್ನು 600 ಡಾಲರಿಗೆ ಕಟ್ಟಿದ. ಹಿಮಾಲಯದ ಸೇತುವೆಯಲ್ಲಿ ನಡೆಯುವವನು ತೂಗುವ ಸರಪಳಿಯ ಮೇಲೆಯೇ ಇಳಿದು ಏರಬೇಕು. ಫಿನ್ಲಿ ಸರಪಳಿಯನ್ನು ಕಂಬಗಳ ಮೇಲೆ ಹಾಯಿಸಿ, ಅದರಿಂದ ಸಮತಟ್ಟಾದ ಗಟ್ಟಿ ಹಾಸನ್ನು ತೂಗುಬಿಟ್ಟ, ಬಂಡಿ ಓಡಾಡಬಹುದಾಯಿತು. ಬ್ರೂಕ್ಲಿನ್, ಗೋಲ್ಡನ್ ಗೇಟ್ ಎಲ್ಲವೂ ಈ ವಂಶದ ಕುಡಿಗಳೇ. ಇಲ್ಲಿಗೇ ಸಮೀಪದ ಸ್ಯಾಕ್ಸನ್‌ಬರ್ಗಿನಲ್ಲಿ ಜಾನ್ ರೋಬ್ಲಿಂಗ್ 1841ರಲ್ಲಿ ತಂತಿಹಗ್ಗ ಹೊಸೆಯತೊಡಗಿದುದನ್ನು ತಾವು ಬಲ್ಲಿರಿ.

ತಂತಿಹಗ್ಗದ ಮೊದಲ ಶಾಶ್ವತ ತೂಗುಸೇತುವೆ ಅದಕ್ಕೂ ಮುಂಚೆ, 1823ರಲ್ಲಿ ಜಿನೀವಾದಲ್ಲಿ ಕೋಟೆಯ ಕಂದಕದ ಮೇಲೆ ಬಂದಿತ್ತು. ಅದು ಕೇವಲ ನಡೆಯುವವರದು. ಕಟ್ಟಿದವರು ಗಿಯೋಮ್ ಆನ್ರಿ ದ್ಯುಫೂರ್, ಫ್ರಾನ್ಸಿನ ಮಾರ್ಕ್ ಸೆಗ್ಯಾನರ ಸಹಕಾರದೊಡನೆ. ಈ ದ್ಯುಫೂರ್ ಸ್ವಿಟ್ಜರ್ಲೆಂಡಿನ ಮೊದಲ ನಿಖರವಾದ ಭೂಪಟವನ್ನು ತಯಾರಿಸಿದರು. 1847ರ ಅಂತರ್ಯುದ್ಧದಲ್ಲಿ ಸೇನಾಪತಿಯಾಗಿ, ರಕ್ತಪಾತ ಆದಷ್ಟು ಕಡಿಮೆಯಾಗುವಂತೆ ಯುದ್ಧ ಮುಗಿಸಿದರು. 1863ರಲ್ಲಿ ರೆಡ್ ಕ್ರಾಸ್ ಸ್ಥಾಪಿಸಿದ ಐವರಲ್ಲಿ ಒಬ್ಬರಾಗಿ ಅದರ ಮೊದಲ ಅಧ್ಯಕ್ಷರಾದರು. ಆ ಐವರಲ್ಲಿ ಇಬ್ಬರು ವೈದ್ಯರು, ಅಧ್ಯಕ್ಷ ಮಾತ್ರ ಸೇತುವೆ ಕಟ್ಟುವವನು! ನಾನು ನಡುಗುತ್ತ ದಾಟಿದ ಸೇತುವೆಯ ಕಣಿವೆಯ ಕೊನೆಯಲ್ಲಿ ಮಾಂಟೆ ರೋಸಾ ಪರ್ವತವಿದೆ. ಅದರ 4634 ಮೀಟರಿನ ತುದಿಗೆ ಅದೇ 1863ರಲ್ಲಿ ಅವರ ಹೆಸರನ್ನು ಇಟ್ಟರು.

ತೂಗುಸೇತುವೆಯ ಗುಟ್ಟು ನಮ್ಮ ತಾಯಂದಿರಿಗೆ ಗೊತ್ತಿದ್ದದ್ದೇ. ಬಟ್ಟೆ ಒಣಗಿಸುವ ಹಗ್ಗ ಸ್ವಲ್ಪ ಜೋತಾಡುವಂತಿದ್ದರೆ ಒದ್ದೆ ಸೀರೆಯ ಭಾರವನ್ನು ಸುಖವಾಗಿ ಹೊರುತ್ತದೆ. ಚೆನ್ನಾಗಿ ಕಾಣಲೆಂದು ಬಿಗಿದು ಕಟ್ಟಿದರೆ ಗೋಡೆಯ ಮೊಳೆ ಕಿತ್ತುಬರುತ್ತದೆ. ಜೋಲು ಕಡಿಮೆಯಾದಷ್ಟೂ ಎಳೆತ ಹೆಚ್ಚು. ಆದುದರಿಂದ ಸೇತುವೆಯ ಪ್ರಾಣ ನಮ್ಮ ಕಣ್ಣಿಗೆ ಬೀಳುವ ಹಾಸಿನಲ್ಲಿಲ್ಲ, ದಡದ ನೆಲದೊಳಗೆ ಹುದುಗಿರುವ ಬಂಧನದಲ್ಲಿದೆ. ಅಲ್ಲಿ ತುಕ್ಕು ಹಿಡಿದರೆ ಹೊರಗೆ ತಿಳಿಯದು. ಫ್ರಾನ್ಸಿನ ಆಂಜೆ ನಗರದಲ್ಲಿ 1850ರ ಏಪ್ರಿಲ್ 16ರಂದು ಬಿರುಗಾಳಿಯಲ್ಲಿ ಸೈನಿಕರ ದಳವೊಂದು ದಾಟುತ್ತಿದ್ದಾಗ ಸೇತುವೆ ಹರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶದ ಮೋರ್ಬಿಯ ಸಂಗತಿ ತಮಗೆ ನೆನಪಿರಬೇಕು. ಹತ್ತೊಂಬತ್ತನೆಯ ಶತಮಾನದ ಆ ತೂಗುಸೇತುವೆಯನ್ನು ದುರಸ್ತಿಯ ನಂತರ ತೆರೆದು ನಾಲ್ಕೇ ದಿನಕ್ಕೆ, 2022ರ ಅಕ್ಟೋಬರ್ 30ರಂದು, ಕೇಬಲ್ಲು ತುಂಡಾಗಿ 135 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಬಹಳ. ಹುಲ್ಲಿನ ಸೇತುವೆಯನ್ನು ವರ್ಷಕ್ಕೊಮ್ಮೆ ಕಡಿದು ಬಿಸಾಡುವವರನ್ನು ಹಳೆಯ ಕಾಲದವರೆಂದು ನಗುವ ಹಕ್ಕು ನಮಗಿದೆಯೆಂದು ನನಗೆ ತೋರದು.

ಇನ್ನು ನಮ್ಮ ನಾಡು. ಮಲೆನಾಡಿನವರಿಗೂ ಕರಾವಳಿಯವರಿಗೂ ಕಾಲುಸಂಕ ಎಂದರೇನೆಂದು ಹೇಳಬೇಕಾಗಿಲ್ಲ: ಎರಡು ಅಡಿಕೆ ಮರ, ಅದೃಷ್ಟವಿದ್ದರೆ ಹಿಡಿದುಕೊಳ್ಳಲು ಒಂದು ಬಿದಿರು. 1993ರ ಮಳೆಗಾಲದಲ್ಲಿ ನಾನು ಮಲೆನಾಡಿನ ಒಂದು ಆರೋಗ್ಯ ಕೇಂದ್ರದಲ್ಲಿ ಹೌಸ್ ಸರ್ಜನ್ ಆಗಿದ್ದೆ. ಹಳ್ಳದಾಚೆಯ ಮನೆಯೊಂದರಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಆ ಮನೆಯ ಒಲೆಯ ಹೊಗೆ ನಮ್ಮ ಕೇಂದ್ರದ ಜಗಲಿಗೆ ಕಾಣುತ್ತಿತ್ತು. ಅರ್ಧ ಮೈಲಿಯೂ ಇರಲಿಲ್ಲ. ಸಂಕ ಹಿಂದಿನ ರಾತ್ರಿ ಕೊಚ್ಚಿಹೋಗಿತ್ತು. ಕಂಬಳಿಯ ಜೋಲಿಯಲ್ಲಿ ಬಾಣಂತಿಯನ್ನು ಹೊತ್ತು, ಗುಡ್ಡ ಬಳಸಿ, ಡಾಂಬರು ರಸ್ತೆಯ ಸೇತುವೆ ಹಿಡಿದು ಬರುವಾಗ ಐದು ಗಂಟೆ ಕಳೆದಿತ್ತು. ನನ್ನ ಕೈಯಲ್ಲಿ ಆಗತಕ್ಕದ್ದು ಏನೂ ಉಳಿದಿರಲಿಲ್ಲ. ಕಾರಣದ ಅಂಕಣದಲ್ಲಿ 'ಹೆರಿಗೆಯ ನಂತರದ ರಕ್ತಸ್ರಾವ' ಎಂದು ಬರೆದು ಸಹಿ ಮಾಡಿದೆ. ಹಳ್ಳದ ಹೆಸರು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಅದಕ್ಕೆ ನಾಲ್ಕು ವರ್ಷ ಮೊದಲೇ, 1989ರಲ್ಲಿ, ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಯ ಮೇಲೆ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದ್ದರೆಂಬುದು ನನಗೆ ಆಗ ತಿಳಿಯದು. ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದ ಅವರು ಸೇತುವೆಯ ಶಾಸ್ತ್ರವನ್ನು ಓದಿದವರಲ್ಲ. ಊರವರು ಕೇಳಿದರು, ಪುಸ್ತಕ ಹುಡುಕಿ ಓದಿದರು, ಊರವರೇ ಕೈಜೋಡಿಸಿದರು. ಅಲ್ಲಿಂದ ಮುಂದೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಮಿಕ್ಕಿ ಸೇತುವೆಗಳು. ಬಹುತೇಕ ಎಲ್ಲವೂ ಬಸ್ಸು ಮುಟ್ಟದ ಹಳ್ಳಿಗಳಿಗೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು; ಸ್ವಿಟ್ಜರ್ಲೆಂಡಿನ ಆ 494 ಮೀಟರಿನ ಸೇತುವೆ ತೆರೆದದ್ದೂ ಅದೇ ವರ್ಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲವೆಂದು ನನ್ನ ಮಗಳು ವಾದಿಸುತ್ತಾಳೆ. ನೋಡಲು ಹೋಗುವುದೂ ಒಂದು ಅಗತ್ಯವೇ, ಅಪ್ಪಾ, ಎನ್ನುತ್ತಾಳೆ. ಇರಬಹುದು. ಸೇತುವೆಯ ಮಧ್ಯದಲ್ಲಿ ನಿಂತು ಆಕೆ ಅಷ್ಟು ಹೊತ್ತು ಮೌನವಾಗಿದ್ದುದನ್ನು ನಾನೂ ನೋಡಿದ್ದೇನೆ.

ಕಳೆದ ಸಲ ಊರಿಗೆ ಹೋದಾಗ ಆ ಆರೋಗ್ಯ ಕೇಂದ್ರದ ಕಡೆಗೂ ಹೋಗಿದ್ದೆವು. ಹಳ್ಳಕ್ಕೆ ಈಗ ಸಿಮೆಂಟಿನ ಸೇತುವೆಯಾಗಿದೆ. ದಾಟಲು ಕಾರಿಗೆ ಅರ್ಧ ನಿಮಿಷ ಬೇಡ. ನಾನು ಕಾರು ನಿಲ್ಲಿಸಿ ಇಳಿದು ನಡೆದೇ ದಾಟಿದೆ. ಏಕೆಂದು ಮಗಳು ಕೇಳಿದಾಗಲೇ ಮೇಲಿನ ಸಂಗತಿಯನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು.

ಜೇಕಬ್ಸ್ ಕ್ರೀಕಿನಲ್ಲಿ ಫಿನ್ಲಿಯ ಸೇತುವೆ ಉಳಿದಿಲ್ಲ, ಹೊಳೆ ಇದೆ. ಮುಂದಿನ ಬೇಸಿಗೆಯ ವನಭೋಜನವನ್ನು ಆ ಕಡೆ ಇಟ್ಟುಕೊಳ್ಳಬಹುದೆಂದು ಕಾರ್ಯದರ್ಶಿಗಳಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿರುವಾಗಲೂ ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ.