‘ಐ ಹ್ಯಾವ್ ರೋಟ್’ ತಪ್ಪಾಗಿದ್ದು ಯಾವಾಗ?

ಪುಣೆ ಇರಲಿ, ಹೈದರಾಬಾದ್ ಇರಲಿ, ಆಫೀಸ್ ಮೇಲ್‌ನಲ್ಲಿ ನಮ್ಮೋರು ಯಾರಾದ್ರೂ ‘ಐ ಹ್ಯಾವ್ ರೋಟ್’ ಅಂತ ಬರೆದ್ರೆ ಪಕ್ಕದವರು ನಗ್ತಾರೆ. ‘ರಿಟನ್’ ಅಂತ ಇರಬೇಕು, ನಿಜ. ಆದ್ರೆ ಈ ತಪ್ಪಿಗೂ ಒಂದು ಇತಿಹಾಸ ಇದೆ.

ನಾವು ಶಾಲೆಯಲ್ಲಿ ‘ವಿ-ತ್ರೀ’ ಅಂತ ಬಾಯಿಪಾಠ ಮಾಡಿದ್ವಲ್ಲ, ಆ ಪಾಸ್ಟ್ ಪಾರ್ಟಿಸಿಪಲ್‌ಗೆ ಹಳೆಯ ಇಂಗ್ಲಿಷಿನಲ್ಲಿ ಮುಂದೆ ‘ಯೆ’ ಸೇರುತ್ತಿತ್ತು, ‘ರೈಟ್’ನಂಥ ಕ್ರಿಯಾಪದಗಳಿಗೆ ಕೊನೆಯಲ್ಲಿ ‘ಎನ್’ ಕೂಡ. ಕಾಲಕ್ರಮೇಣ ‘ಯೆ’ ಬಿದ್ದುಹೋಯಿತು. ‘ಎನ್’ ಕೆಲವು ಕಡೆ ಉಳೀತು, ಕೆಲವು ಕಡೆ ಹೋಯ್ತು. ವಿ-ಟೂ, ವಿ-ತ್ರೀ ಬೆರೆತುಹೋದವು. ಶೇಕ್ಸ್‌ಪಿಯರ್ ‘ಸಿಂಬೆಲಿನ್’ ನಾಟಕದಲ್ಲಿ ‘ರಿಟನ್’ ಬರಬೇಕಾದ ಜಾಗದಲ್ಲಿ ‘ರೋಟ್’ ಬಳಸಿದ್ದಾನೆ. ಆಗ ಅದು ತಪ್ಪಲ್ಲ.

1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿಯ ಇಂಗ್ಲಿಷ್ ವ್ಯಾಕರಣ ಬಂತು. ಎರಡು ರೂಪ ಬೆರೆಸೋದು ತಪ್ಪು ಅಂದ ಆತ, ಅಡಿಟಿಪ್ಪಣಿಗಳಲ್ಲಿ ಮಿಲ್ಟನ್‌ನಂಥ ಮಹಾಕವಿಯನ್ನೂ ಬಿಡಲಿಲ್ಲ. ಮುಂದೆ ಇಂಥ ವ್ಯಾಕರಣಗಳೇ ಪಾಠವಾದವು.

ಆದ್ರೂ ಭಾಷೆ ಪೂರ್ತಿ ಒಂದೇ ದಾರಿಗೆ ಬರಲಿಲ್ಲ. ಹಳೆಯ ‘ಗಾಟನ್’ ಅಮೆರಿಕದಲ್ಲಿ ಉಳೀತು. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ‘ಗಾಟ್’ ಅಂತಾರೆ.

ನಮಗೆ ಯಾಕೆ ಗೊಂದಲ? ‘ಅವನು ಮೇಲ್ ಬರೆದ’, ‘ಅವನು ಬರೆದ ಮೇಲ್’. ನೋಡಿ, ಕನ್ನಡಕ್ಕೆ ಎರಡೂ ಕಡೆ ‘ಬರೆದ’ ಸಾಕು. ಇಂಗ್ಲಿಷ್ ಎರಡು ರೂಪ ಕೇಳುತ್ತೆ.

ಹಾಗಾಗಿ ಮೇಲ್‌ನಲ್ಲಿ ‘ರಿಟನ್’ ಅಂತಲೇ ಬರೀರಿ, ಇವತ್ತಿನ ರೂಢಿ ಅದೇ. ಆದ್ರೆ ‘ರೋಟ್’ ಅಂದವರನ್ನ ದಡ್ಡರು ಅನ್ನಬೇಡಿ, ನೀವೇ ಅಂದಿದ್ರೆ ತಲೆ ತಗ್ಗಿಸಲೂ ಬೇಡಿ.