ಗಗನಮಾರ್ಗದ ನಡುವಿನ ಊರು

ಬೆಂಗಳೂರಿಗೂ ಶಿವಮೊಗ್ಗೆಗೂ ನಡುವಣ ದೂರವೆಷ್ಟೆಂಬ ಪ್ರಶ್ನೆಗೆ ತಿಪಟೂರಿನ ಬಳಿಯ ನಮ್ಮ ಅರಳಗುಪ್ಪೆಯ ಸೀಮೆಯಲ್ಲಿ ಕಾಲಕ್ಕೊಂದು ಉತ್ತರವಿದ್ದಿತು. ಎತ್ತಿನ ಗಾಡಿಯೇ ಗತಿಯಾಗಿದ್ದಾಗ ದೂರವನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಕಾಲವನ್ನಾದರೋ ಎತ್ತು ಬಿಚ್ಚುವ ತೋಪುಗಳಿಂದಲೂ ರಾತ್ರಿ ತಂಗುವ ಛತ್ರಗಳಿಂದಲೂ ಅಳೆಯುತ್ತಿದ್ದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಮೀಟರ್ ಗೇಜ್ ರೈಲು, ತಿಪಟೂರು ಅರಸೀಕೆರೆಗಳ ಮೇಲೆ ಹಾದು 1889ರಲ್ಲಿ ಹರಿಹರವನ್ನು ಮುಟ್ಟಿ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲೊಡೆದ ಮೇಲೆ, ಹರದಾರಿಯ ಮಾತು ಹಿಂದೆ ಸರಿದು ಸ್ಟೇಷನ್ನುಗಳ ಲೆಕ್ಕ ರೂಢಿಗೆ ಬಂದಿತು.

ಆಕಾಶದ ಲೆಕ್ಕ ತೀರ ಈಚಿನದು. ಶಿವಮೊಗ್ಗೆಯ ಬಳಿಯ ಸೋಗಾನೆಯಲ್ಲಿ ಕುವೆಂಪು ಅವರ ನಾಮಾಂಕಿತವಾದ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಆಗಸ್ಟ್ 31ರಂದು ಬೆಂಗಳೂರಿನ ಮೊದಲ ವಿಮಾನ ಅಲ್ಲಿ ಇಳಿದಾಗ, ಹಳಿಯ ಮೇಲೆ ಸುಮಾರು 275 ಕಿಲೋಮೀಟರು ಇದ್ದ ದಾರಿ ಗಗನದಲ್ಲಿ 240ರೊಳಗೆ ಅಡಗಿತು. ಈ ಮಾರ್ಗದಲ್ಲಿ ಹಾರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಆದುದರಿಂದ ಗಣಿತ ಬಲ್ಲವನು ಅರ್ಧ ಗಂಟೆಯ ಪ್ರಯಾಣವೆಂದು ಹೇಳಿಯಾನು. ವೇಳಾಪಟ್ಟಿ ಹೇಳುವುದು ಒಂದು ಗಂಟೆಗೂ ಮೇಲೆ. ನಿಂತ ಜಾಗದಿಂದ ಓಡುದಾರಿಯವರೆಗೆ ನೆಲದ ಮೇಲೆ ತೆವಳುವುದು, ಸರದಿ ಕಾಯುವುದು, ಮೇಲೇರುವುದು, ಗಾಳಿಯ ದಿಕ್ಕು ನೋಡಿ ಬಳಸಿಕೊಂಡು ಇಳಿಯುವುದು, ಇವೆಲ್ಲವೂ ಆ ಗಂಟೆಯಲ್ಲಿ ಪಾಲು ಕೇಳುತ್ತವೆ. ದಾರಿ ಕಿರಿದಾದಷ್ಟೂ ಈ ಪಾಲು ಹಿರಿದಾಗುತ್ತದೆ. ಬೆಂಗಳೂರು ನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ರಸ್ತೆಯನ್ನೂ ತಪಾಸಣೆಯ ಸಾಲುಗಳನ್ನೂ ಕೂಡಿಸಿದರೆ, ನಾಲ್ಕೂವರೆ ಐದು ಗಂಟೆಯ ರೈಲಿನ ಮುಂದೆ ವಿಮಾನದ ಹೆಮ್ಮೆ ಬಹಳವಾಗಿ ಕುಗ್ಗುವುದೆಂದೇ ನನ್ನ ಅಭಿಪ್ರಾಯ.

ಸಣ್ಣ ಊರುಗಳಿಗೂ ವಿಮಾನ ಬೇಕೆಂಬ ಹಂಬಲಕ್ಕೆ ನಮ್ಮ ತೆಂಗಿನ ನಾಡಿನ ನಂಟೂ ಇದೆಯೆಂಬುದನ್ನು ಮರೆಯಲಾಗದು. 2003ರ ಆಗಸ್ಟಿನಲ್ಲಿ ಬೆಂಗಳೂರು ಹುಬ್ಬಳ್ಳಿಗಳ ನಡುವೆ ಅಗ್ಗದ ದರದಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು, ಸೈನ್ಯವನ್ನು ಬಿಟ್ಟುಬಂದು ಮೊದಲು ತೋಟ ಮಾಡಿದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿ.

ನಕ್ಷೆಯ ಮೇಲೆ ದೇವನಹಳ್ಳಿಗೂ ಸೋಗಾನೆಗೂ ಸರಳರೇಖೆಯನ್ನೆಳೆದರೆ ಅದು ಹುಳಿಯಾರಿನ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಅರಳಗುಪ್ಪೆ ಅದಕ್ಕೆ ಸ್ವಲ್ಪ ದಕ್ಷಿಣಕ್ಕೆ, ಹೆಚ್ಚುಕಡಮೆ ನಡುಮಧ್ಯದಲ್ಲಿ ಬೀಳುತ್ತದೆ. ಇಲ್ಲಿನ ಕಲ್ಲೇಶ್ವರ ದೇವಾಲಯದಲ್ಲಿ, ಒಂಬತ್ತನೆಯ ಶತಮಾನದ ನೊಳಂಬ ಶಿಲ್ಪಿಗಳು ಕಡೆದ ಭುವನೇಶ್ವರಿಯನ್ನು, ಎಂದರೆ ಒಳಚಾವಣಿಯನ್ನು, ಕತ್ತೆತ್ತಿ ನೋಡಿದರೆ, ನರ್ತಿಸುವ ಶಿವನ ಸುತ್ತಲೂ ಅಷ್ಟದಿಕ್ಪಾಲಕರು ತಂತಮ್ಮ ವಾಹನಗಳನ್ನೇರಿ ಕುಳಿತಿದ್ದಾರೆ. ಅವರಲ್ಲಿ ವಾಯುವಿನ ದಿಕ್ಕೇ ನಮಗೆ ಶಿವಮೊಗ್ಗೆಯ ದಿಕ್ಕು! ಆದರೆ ಆ ದಿಕ್ಕಿಗೆ ಹಾರುವ ವಿಮಾನ ನಮಗೆ ನಿಲ್ಲುವುದಿಲ್ಲ. ರೈಲು ಉಳಿಸಿಕೊಟ್ಟ ಕಾಲದಲ್ಲಿ ದಾರಿಯ ಊರುಗಳಿಗೆಲ್ಲ ಪಾಲಿದ್ದಿತು. ವಿಮಾನ ಉಳಿಸುವ ಕಾಲ ಎರಡು ತುದಿಗಳವರದು ಮಾತ್ರ. ಕೊಬ್ಬರಿಯಾಗಲೆಂದು ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು ಕಾಯುವ ಜನಕ್ಕೆ ಇದು ದೊಡ್ಡ ನಷ್ಟವೇನೂ ಅಲ್ಲವೆನ್ನಿ. ಎರಡು ನಿಲ್ದಾಣಗಳೂ ನಮಗೆ ನೇರ ಅಳತೆಯಲ್ಲಿಯೇ ಸರಿಸುಮಾರು 120 ಕಿಲೋಮೀಟರು ದೂರ. ಶಿವಮೊಗ್ಗೆಗೆ ಹೊರಟವರು ಇಂದಿಗೂ ತಿಪಟೂರಿಗೆ ಹೋಗಿ ರೈಲು ಹತ್ತುತ್ತಾರೆ.