ಅಂಗನವಾಡಿಯಲ್ಲಿ ಬರೀ ಆಟ, ಪಾಠ ಇಲ್ಲ ಎನ್ನುವುದು ನಿಜವೇ?

ಮೂರು ವರ್ಷಕ್ಕೇ ಎಬಿಸಿಡಿ ಬರೆಯದಿದ್ದರೆ ಮಗು ಒಂದನೇ ತರಗತಿಯಲ್ಲಿ ಹಿಂದೆ ಬೀಳುತ್ತದೆ ಎಂಬ ಭಯ ಊರೂರಲ್ಲಿದೆ. ಶಿಡ್ಲಘಟ್ಟದ ಮೇಲೂರಿನಂಥ ರೇಷ್ಮೆ ಸೀಮೆಯಲ್ಲೂ ಕಷ್ಟದ ದುಡ್ಡನ್ನು ಕಾನ್ವೆಂಟಿನ ಫೀಸಿಗೆ, ವ್ಯಾನಿಗೆ ಕಟ್ಟುವವರಿಗೆ ಈ ಭಯವೇ ಒಂದು ಕಾರಣ.

ನಿಜವೇನು? ಮೂರರಿಂದ ಆರು ವರ್ಷದವರೆಗೆ ಆಟವೇ ಪಾಠ. ಒಂದರಿಂದ ನೂರರವರೆಗೆ ಗಡಗಡ ಹೇಳುವ ಮಗುವಿಗೆ ‘ನಾಲ್ಕು ಹುಣಸೆ ಬೀಜ ಕೊಡು’ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ಒಂದು ಹಿಡಿ ಎತ್ತಿ ಕೊಡುತ್ತವೆ. ಅದಕ್ಕೆ ಬಂದಿರುವುದು ಬಾಯಿಪಾಠ, ಲೆಕ್ಕವಲ್ಲ. ಬೀಜ ಒಂದೊಂದಾಗಿ ಎತ್ತಿಡುತ್ತಾ, ಎರಡನ್ನು ಮುಚ್ಚಿಟ್ಟು ‘ಈಗೆಷ್ಟು?’ ಎಂದು ಆಡಿದಾಗ ಸಂಖ್ಯೆ ಅರ್ಥವಾಗುತ್ತದೆ. ಹಿಪ್ಪುನೇರಳೆ ಎಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುವುದೂ ಗಣಿತವೇ. ಅಂಗಡಿ ಆಟದಲ್ಲಿ ಮಾತು ಬೆಳೆಯುತ್ತದೆ, ಸರದಿ ಕಾಯುವುದೂ ಬರುತ್ತದೆ. (ಬೀಜ ಮೂಗಿಗೆ, ಬಾಯಿಗೆ ಹೋಗದಂತೆ ದೊಡ್ಡವರು ಪಕ್ಕದಲ್ಲೇ ಇರಬೇಕು.)

ಇದಕ್ಕೆ ಉಲ್ಟಾ ಇನ್ನೊಂದು ಫಾರ್ವರ್ಡ್ ಇದೆ: ಎಕ್ಸ್‌ರೇ ಫೋಟೋ ಹಾಕಿ, ‘ಚಿಕ್ಕ ಮಕ್ಕಳ ಕೈಯಲ್ಲಿ ಮೂಳೆಯೇ ಇಲ್ಲ, ಬರೆಸಬೇಡಿ’ ಎನ್ನುವುದು. ಇದು ಅರ್ಧ ಸತ್ಯ. ಮಣಿಕಟ್ಟಿನ 8 ಮೂಳೆಗಳು ಮೊದಲು ಮೃದು ಎಲುಬಾಗಿದ್ದು ಒಂದೊಂದಾಗಿ ಗಟ್ಟಿಯಾಗುತ್ತವೆ. ಮೃದು ಎಲುಬು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಷ್ಟೆ. ಗೀಚಿದರೆ, ಚಿತ್ರ ಬರೆದರೆ ಏನೂ ಆಗದು. ಪೆನ್ಸಿಲ್ ಹಿಡಿತ ಬರಬೇಕಾದರೆ ಬೆರಳಿಗೆ ಬಲ ಬೇಕು, ಕಣ್ಣು–ಕೈ ಒಟ್ಟಿಗೆ ಓಡಬೇಕು. ಜೇಡಿಮಣ್ಣು ಕಲಸುವುದು, ಮಣಿ ಪೋಣಿಸುವುದು, ಕಾಗದ ಹರಿಯುವುದು ಅದಕ್ಕೇ. ನಾಲ್ಕು ಗೆರೆ ಕಾಪಿಯಲ್ಲಿ ಪುಟಗಟ್ಟಲೆ ತಿದ್ದಿಸುವುದು ಆ ವಯಸ್ಸಿಗೆ ವ್ಯರ್ಥ ಶ್ರಮ.

1975ರ ಅಕ್ಟೋಬರ್ 2ರಂದು ಆರಂಭವಾದ ಅಂಗನವಾಡಿ ಯೋಜನೆಯಲ್ಲಿ ಊಟ, ಚುಚ್ಚುಮದ್ದಿನ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಇದೆ. ಕರ್ನಾಟಕದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತವಾಗಿ ನೋಡಿ ಆಟದ ಮೂಲಕವೇ ಕಲಿಸಿ ಎನ್ನುತ್ತದೆ. ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ‘ನಲಿ–ಕಲಿ’ಯೂ ಇದೇ ದಾರಿಯದು. ಅದು 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು, ಪ್ರೇರಣೆ ಬಂದದ್ದು ನಮ್ಮ ಚಿಂತಾಮಣಿಯ ಆಚೆ, ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯಿಂದ.

ಆದರೆ ಮಕ್ಕಳನ್ನು ಕೋಣೆಯಲ್ಲಿ ಸುಮ್ಮನೆ ಬಿಡುವುದು, ಮೊಬೈಲ್ ಹಾಕಿ ಕೂರಿಸುವುದು ಪಾಠವಲ್ಲ. ಟೀಚರ್ ಆಟ ಯೋಚಿಸಿ ಆಡಿಸಬೇಕು, ಪ್ರಶ್ನೆ ಕೇಳಬೇಕು. ಅಡುಗೆ, ತೂಕ, ರಿಜಿಸ್ಟರ್ ಎಲ್ಲವನ್ನೂ ಅವರ ತಲೆಗೇ ಕಟ್ಟಿದರೆ ಆಟಕ್ಕೆ ಸಮಯವೆಲ್ಲಿ? ಪೋಷಕರು ಹೋರಾಡಬೇಕಾದ್ದು ಇದಕ್ಕೆ, ಹೋಮ್‌ವರ್ಕಿಗಲ್ಲ.

ಸಂಜೆ ‘ಏನು ಬರೆದೆ?’ ಎನ್ನುವ ಬದಲು ‘ಏನು ಆಡಿದೆ, ಯಾರ ಜೊತೆ?’ ಎಂದು ಕೇಳಿ. ಮೂರು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದ, ಕರೆದರೆ ತಿರುಗದ, ಇತರ ಮಕ್ಕಳ ಜೊತೆ ಬೆರೆಯದ ಮಗುವಿದ್ದರೆ ‘ತಾನಾಗಿ ಸರಿಹೋಗುತ್ತದೆ’ ಎಂದು ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಉಚಿತವಾಗಿ ತಪಾಸಣೆ ಮಾಡಬೇಕು. ಯಾವಾಗ ಬರುತ್ತಾರೆ ಎಂದು ಟೀಚರನ್ನು ಕೇಳಿಕೊಳ್ಳಿ. ತಡವಾಗುವುದಾದರೆ ಮಗುವನ್ನು ತಾಲ್ಲೂಕು ಆಸ್ಪತ್ರೆಗೇ ಕರೆದೊಯ್ಯಿರಿ.